ಪದ್ಯ ಅದೇ, ಅರ್ಥ ಬೇರೆ: ‘ನಟ್‌ಕ್ರ್ಯಾಕರ್’ ಬ್ಯಾಲೆ ಕಾಲಕ್ಕೆ ಹೊಂದಿಕೊಳ್ಳುವ ಬಗೆ

ಅಮೆರಿಕದಲ್ಲಿರುವ ನಮ್ಮಕ್ಕ ನವೆಂಬರ್ ಬಂತೆಂದರೆ ಫೋನಿಗೆ ಸರಿಯಾಗಿ ಸಿಗುವುದಿಲ್ಲ. ಸಿಕ್ಕರೂ ಬಾಯಲ್ಲಿ ಗುಂಡುಪಿನ್ ಕಚ್ಚಿಕೊಂಡೇ ಮಾತಾಡುತ್ತಾಳೆ. ಹೋದ ವರ್ಷ ವಿಡಿಯೋ ಕಾಲ್ ಮಾಡಿದಾಗ ಅವಳ ತೊಡೆ ಮೇಲೆ ಬೂದು ಬಣ್ಣದ ಉದ್ದನೆಯ ಬಾಲ. ‘ನೋಡೇ, ಹನ್ನೊಂದು ಇಲಿಗೆ ಬಾಲ ಹೊಲಿಯೋದನ್ನ ನನ್ನ ತಲೆಗೆ ಕಟ್ಟಿದಾರೆ’ ಅಂದಳು. ಅವಳ ಮಗಳು ಅಲ್ಲಿನ ಡಾನ್ಸ್ ಶಾಲೆಯ ‘ನಟ್‌ಕ್ರ್ಯಾಕರ್’ ಬ್ಯಾಲೆಯಲ್ಲಿ ಇಲಿ. ಈ ವರ್ಷ ಹುಡುಗಿಗೆ ಬಡ್ತಿ ಸಿಕ್ಕಿದೆ. ಇಲಿಯಿಂದ ‘ಟೀ’ ಆಗಿದ್ದಾಳೆ. ಆದರೆ ಟೀ ಕುಣಿಯುವುದು ಹೇಗೆ ಎಂದು ಟೀಚರೇ ಇನ್ನೂ ಯೋಚನೆ ಮಾಡುತ್ತಿದ್ದಾರಂತೆ.

ಟೀ ಕುಣಿಯುವುದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ ಅಂತ ನಾನೂ ಕೇಳಿದೆ. ಕೇಳಿದ ಮೇಲೆ ಗೊತ್ತಾಯಿತು, ಒಂದು ನಿಮಿಷ ಚಿಲ್ಲರೆಯ ಆ ಕುಣಿತದ ಸುತ್ತ ಕಳೆದ ಹತ್ತು ವರ್ಷದಲ್ಲಿ ದೊಡ್ಡ ದೊಡ್ಡ ಬ್ಯಾಲೆ ಕಂಪನಿಗಳೇ ತಲೆ ಕೆಡಿಸಿಕೊಂಡಿವೆ ಎಂದು.

ಮೊದಲು ಕಥೆ ಹೇಳಿಬಿಡುತ್ತೇನೆ, ಅದು ಚಿಕ್ಕದು. ಕ್ರಿಸ್‌ಮಸ್ ಹಿಂದಿನ ರಾತ್ರಿ ಒಂದು ಶ್ರೀಮಂತರ ಮನೆಯಲ್ಲಿ ಪಾರ್ಟಿ. ಡ್ರೋಸೆಲ್‌ಮೇಯರ್ ಎಂಬ ವಿಚಿತ್ರ ಮುದುಕ ಆ ಮನೆಯ ಹುಡುಗಿ ಕ್ಲಾರಾಳಿಗೆ ಒಂದು ಗೊಂಬೆ ಕೊಡುತ್ತಾನೆ. ಸಿಪಾಯಿಯ ಹಾಗಿರುವ ಮರದ ಗೊಂಬೆ. ಅದರ ಬಾಯಿಗೆ ಕಾಯಿ ಇಟ್ಟು ಒತ್ತಿದರೆ ಸಿಪ್ಪೆ ಒಡೆಯುತ್ತದೆ. ಅದೇ ನಟ್‌ಕ್ರ್ಯಾಕರ್. ನಡುರಾತ್ರಿ ಕ್ರಿಸ್‌ಮಸ್ ಮರ ಆಳೆತ್ತರ, ಮನೆಯೆತ್ತರ ಬೆಳೆಯುತ್ತದೆ. ಇಲಿಗಳ ಸೈನ್ಯಕ್ಕೂ ಗೊಂಬೆಗಳ ಸೈನ್ಯಕ್ಕೂ ಯುದ್ಧವಾಗುತ್ತದೆ. ಕ್ಲಾರಾ ತನ್ನ ಚಪ್ಪಲಿ ಎಸೆದು ಇಲಿರಾಜನನ್ನು ಸೋಲಿಸಲು ನೆರವಾಗುತ್ತಾಳೆ. ಗೊಂಬೆ ರಾಜಕುಮಾರನಾಗಿ ಅವಳನ್ನು ಹಿಮದ ಕಾಡು ದಾಟಿಸಿ ಮಿಠಾಯಿ ಲೋಕಕ್ಕೆ ಕರೆದೊಯ್ಯುತ್ತದೆ. ಅಲ್ಲಿಗೆ ಮೊದಲ ಅಂಕ ಮುಗಿಯಿತು. ನಿಜ ಹೇಳಬೇಕೆಂದರೆ ಕಥೆಯೂ ಮುಗಿಯಿತು. ಎರಡನೇ ಅಂಕ ಪೂರ್ತಿ ಕ್ಲಾರಾ ಒಂದು ಕಡೆ ಕೂತು ಮಿಠಾಯಿಗಳ ಕುಣಿತ ನೋಡುತ್ತಾಳೆ. ಚಾಕೊಲೇಟ್ ಎಂದರೆ ಸ್ಪೇನಿನ ಕುಣಿತ, ಕಾಫಿ ಎಂದರೆ ಅರೇಬಿಯಾದ್ದು, ಟೀ ಎಂದರೆ ಚೀನಾದ್ದು, ಆಮೇಲೆ ರಷ್ಯಾದ ಟ್ರೆಪಾಕ್. ಕೊನೆಗೆ ಸಕ್ಕರೆಯ ದೇವತೆ ಬಂದು ಕುಣಿಯುತ್ತಾಳೆ.

ಈ ಎರಡನೇ ಅಂಕವೇ ಎಲ್ಲ ತಾಪತ್ರಯದ ಮೂಲ. ಕಥೆ ಇಲ್ಲದ ಕಡೆ ಬಣ್ಣ ತುಂಬಬೇಕಲ್ವಾ, 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನವರು ಅದಕ್ಕೆ ದೂರದೇಶಗಳನ್ನು ಬಳಸಿಕೊಂಡರು.

ಆ ವರ್ಷದ ಡಿಸೆಂಬರ್ 18ರಂದು, ರಷ್ಯಾದ ಹಳೆಯ ಪಂಚಾಂಗದ ಪ್ರಕಾರ 6ರಂದು, ಮಾರಿನ್‌ಸ್ಕಿ ಥಿಯೇಟರಿನಲ್ಲಿ ಇದರ ಮೊದಲ ಪ್ರದರ್ಶನ ನಡೆಯಿತು. ಸಂಗೀತ ಚೈಕೋವ್‌ಸ್ಕಿಯದು. ನೃತ್ಯದ ಯೋಜನೆ ಹಾಕಿದವರು ಮಾರಿಯುಸ್ ಪೆಟಿಪಾ. ಅವರು ಕಾಯಿಲೆ ಬಿದ್ದಿದ್ದರಿಂದ ಸಹಾಯಕ ಲೆವ್ ಇವಾನೋವ್ ಕೆಲಸ ಮುಂದುವರಿಸಿದರು. ಕಥೆ ಬಂದದ್ದು ಹಾಫ್‌ಮನ್ ಎಂಬ ಜರ್ಮನ್ ಲೇಖಕ 1816ರಲ್ಲಿ ಬರೆದದ್ದರಿಂದ. ಅದೂ ನೇರವಾಗಿ ಅಲ್ಲ, ಫ್ರಾನ್ಸಿನ ಅಲೆಕ್ಸಾಂಡರ್ ಡ್ಯೂಮಾ ಅದನ್ನು ತಮ್ಮ ರೀತಿಯಲ್ಲಿ ಮತ್ತೆ ಹೇಳಿದ್ದರಿಂದ. ಅಂದರೆ ವೇದಿಕೆಗೆ ಬರುವ ಹೊತ್ತಿಗೇ ಕಥೆ ಎರಡು ಕೈ ಬದಲಾಗಿತ್ತು. ಹುಡುಗಿಯ ಹೆಸರು ಕೂಡ ಒಂದೇ ಇಲ್ಲ. ಹಾಫ್‌ಮನ್‌ನಲ್ಲಿ ಅವಳು ಮಾರಿ, ಕ್ಲಾರಾ ಅನ್ನುವುದು ಅವಳ ಗೊಂಬೆಯ ಹೆಸರು. ರಷ್ಯಾದಲ್ಲಿ ಈಗ ಅವಳು ಮಾಶಾ.

ಮೊದಲ ಪ್ರದರ್ಶನಕ್ಕೆ ಒಳ್ಳೆಯ ಮಾತು ಬರಲಿಲ್ಲ. ವೇದಿಕೆ ತುಂಬ ಮಕ್ಕಳೇ, ಮುಖ್ಯ ನರ್ತಕಿ ಬರುವುದು ಕೊನೆಗೆ, ಇದೆಂಥ ಬ್ಯಾಲೆ ಎಂದು ವಿಮರ್ಶಕರು ಗೊಣಗಿದರು. ಮರುವರ್ಷವೇ ಚೈಕೋವ್‌ಸ್ಕಿ ತೀರಿಕೊಂಡರು. ತಮ್ಮ ಈ ಕೆಲಸ ಹಬ್ಬದ ಸಂಪ್ರದಾಯ ಆಗುವುದನ್ನು ಅವರು ನೋಡಲೇ ಇಲ್ಲ.

ಸಂಪ್ರದಾಯ ಆಗಿದ್ದು ಅಮೆರಿಕದಲ್ಲಿ, ಅದೂ ಸುಮಾರು ಅರ್ಧ ಶತಮಾನ ಕಳೆದ ಮೇಲೆ. 1944ರ ಕ್ರಿಸ್‌ಮಸ್ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಬ್ಯಾಲೆ ಎಂಬ ಕಂಪನಿ ಅಲ್ಲಿನ ಮೊದಲ ಪೂರ್ಣ ಪ್ರದರ್ಶನ ಕೊಟ್ಟಿತು. 1954ರಲ್ಲಿ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ನ್ಯೂಯಾರ್ಕ್ ಸಿಟಿ ಬ್ಯಾಲೆಗೆ ತಮ್ಮ ರೂಪ ಕಟ್ಟಿದರು. ಬ್ಯಾಲಂಚೀನ್ ಹುಡುಗನಾಗಿದ್ದಾಗ ಪೀಟರ್ಸ್‌ಬರ್ಗ್‌ನಲ್ಲಿ ಇದೇ ಬ್ಯಾಲೆಯಲ್ಲಿ ಕುಣಿದವರು. ದುಡ್ಡಿಲ್ಲದ ಕಂಪನಿ ಮರದ ಖರ್ಚು ಉಳಿಸಬಹುದೇ ಎಂದು ಕೇಳಿದರೆ, ಮರವೇ ಬ್ಯಾಲೆ ಎಂದು ಪಟ್ಟು ಹಿಡಿದರಂತೆ. ಈಗ ಅಲ್ಲಿ ಒಂದು ಟನ್ ತೂಕದ ಮರ 12 ಅಡಿಯಿಂದ 41 ಅಡಿಗೆ ಬೆಳೆದು ನಿಲ್ಲುತ್ತದೆ. 1958ರ ಕ್ರಿಸ್‌ಮಸ್‌ಗೆ ಇದು ಟಿವಿಯಲ್ಲಿ ಬಂದಮೇಲಂತೂ ಊರೂರಿನ ಡಾನ್ಸ್ ಶಾಲೆಗಳು ತಮ್ಮದೇ ನಟ್‌ಕ್ರ್ಯಾಕರ್ ಮಾಡತೊಡಗಿದವು. ಇಲಿ, ಸಿಪಾಯಿ, ದೇವದೂತ ಅಂತ ಮಕ್ಕಳಿಗೆ ಎಷ್ಟು ಪಾತ್ರ ಬೇಕಾದರೂ ಇದೆ. ಒಂದು ಇಲಿಯ ಹಿಂದೆ ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯವರು ಎಂದು ಐದಾರು ಟಿಕೆಟ್ ಖರ್ಚಾಗುತ್ತದೆ. ನಮ್ಮೂರ ಶಾಲೆಯ ವಾರ್ಷಿಕೋತ್ಸವದ ಲೆಕ್ಕವೇ. ಅಮೆರಿಕದ ಎಷ್ಟೋ ಬ್ಯಾಲೆ ಕಂಪನಿಗಳ ವರ್ಷದ ಟಿಕೆಟ್ ಆದಾಯದಲ್ಲಿ ದೊಡ್ಡ ಪಾಲು, ಕೆಲವಕ್ಕೆ ಹತ್ತಿರ ಹತ್ತಿರ ಅರ್ಧ, ಈ ಒಂದರಿಂದಲೇ ಬರುತ್ತದೆ.

ಹಾಗಾಗಿ ಇದನ್ನು ಮುಟ್ಟುವುದಕ್ಕೆ ಎಲ್ಲರಿಗೂ ಭಯ. ಅಜ್ಜಿ ತಾನು ಚಿಕ್ಕವಳಿದ್ದಾಗ ನೋಡಿದ್ದನ್ನೇ ಮೊಮ್ಮಗಳಿಗೆ ತೋರಿಸಬೇಕೆಂದು ಬರುತ್ತಾಳೆ. ‘ಇದು ನಾವು ನೋಡಿದ ನಟ್‌ಕ್ರ್ಯಾಕರ್ ಅಲ್ಲ’ ಅಂತ ಅವಳು ಎದ್ದು ಹೋದರೆ ಉಳಿದ ಹನ್ನೊಂದು ತಿಂಗಳ ಸಂಬಳಕ್ಕೇ ಕುತ್ತು.

ಇನ್ನು ಟೀಯ ವಿಷಯಕ್ಕೆ ಬರೋಣ. ಸಂಗೀತ ಶುರುವಾದಾಗ ಕೆಳಗೆ ದಪ್ಪ ದನಿಯ ಊದುವ ವಾದ್ಯಗಳಾದ ಬಸೂನ್‌ಗಳು ಕುಪ್ಪಳಿಸುವ ಹಾಗೆ ಒಂದೇ ಸದ್ದು ಮಾಡುತ್ತಿರುತ್ತವೆ. ಮೇಲೆ ಕೊಳಲು ಕಿರುಚುತ್ತಾ ಓಡುತ್ತದೆ. ಪಿಟೀಲಿನವರು ತಂತಿಯನ್ನು ಕಮಾನಿನಿಂದ ಎಳೆಯದೆ ಬೆರಳಿನಿಂದ ಮೀಟುತ್ತಾರೆ. ಹಳೆಯ ರೂಪದಲ್ಲಿ ಈ ಸದ್ದಿಗೆ ಏನಾಗುತ್ತಿತ್ತೆಂದರೆ, ಒಂದು ಪೆಟ್ಟಿಗೆಯಿಂದ ಒಬ್ಬ ಛಂಗನೆ ಹೊರಗೆ ಹಾರುತ್ತಿದ್ದ. ಜೋಲು ಮೀಸೆ, ಚೂಪು ಟೋಪಿ. ಎರಡೂ ಕೈಯ ತೋರುಬೆರಳು ನೆಟ್ಟಗೆ ಮೇಲಕ್ಕೆ. ತಲೆ ಅತ್ತಿತ್ತ ಆಡಿಸುತ್ತಾ, ಪುಟುಪುಟು ಹೆಜ್ಜೆ ಹಾಕುತ್ತಾ, ಬಗ್ಗಿ ಬಗ್ಗಿ ನಮಸ್ಕಾರ. ಒಂದೊಂದು ಕಂಪನಿಯಲ್ಲಿ ಒಂದೊಂದು ಥರ ಇತ್ತು, ಆದರೆ ಆ ಬೆರಳು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಇರುತ್ತಿತ್ತು. ಚೀನಾದ ನೃತ್ಯದಲ್ಲಿ ಹೀಗೆ ಬೆರಳೆತ್ತಿ ಕುಣಿಯುವ ಪದ್ಧತಿ ಇಲ್ಲ ಎನ್ನುತ್ತಾರೆ ಬಲ್ಲವರು. ಚೀನೀಯರೆಂದರೆ ಹೀಗೆ ಎಂದು ಯುರೋಪಿನವರು ಗೊಂಬೆ, ಪಿಂಗಾಣಿ, ಸರ್ಕಸ್ ನೋಡಿ ಕಟ್ಟಿಕೊಂಡ ಕಲ್ಪನೆ ಅದು.

ಸುಮ್ನೆ ಒಂದು ನಿಮಿಷದ ತಮಾಷೆ, ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಬೇಕಾ ಅಂತ ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಇದೇ ಪೆಟಿಪಾ 1877ರಲ್ಲಿ ಮಾಡಿದ ‘ಲಾ ಬಯಡೇರ್’ ನೋಡಿದೆ. ಅದು ನಡೆಯುವುದು ಭಾರತದಲ್ಲಿ. ನಾಯಕಿ ದೇವಸ್ಥಾನದ ನರ್ತಕಿ. ಆ ಭಾರತದಲ್ಲಿ ಫಕೀರರು ಬೆಂಕಿಯ ಸುತ್ತ ಮಂಗಗಳ ಹಾಗೆ ನೆಗೆಯುತ್ತಾರೆ. ಪೂಜಾರಿ ಕೈ ಎತ್ತುವ ರೀತಿ ನಮ್ಮ ಯಾವ ಗುಡಿಯಲ್ಲೂ ಕಾಣಸಿಗುವುದಿಲ್ಲ. ಮೈಗೆಲ್ಲ ಚಿನ್ನದ ಬಣ್ಣ ಬಳಿದುಕೊಂಡ ಒಂದು ವಿಗ್ರಹ ಬಂದು ಗಾಳಿಯಲ್ಲಿ ತಿರುಗುತ್ತದೆ. ಮೊದಲು ನಗು ಬಂತು. ಆಮೇಲೆ ಅಕ್ಕಪಕ್ಕದವರು ಇದನ್ನೇ ನಿಜವೆಂದು ತಿಳಿದಿದ್ದರೆ ಎನ್ನಿಸಿ ಒಂಥರಾ ಆಯಿತು. ಟೀ ಕುಣಿತ ನೋಡುವ ಚೀನೀ ಅಮೆರಿಕನ್ ಮಗುವಿಗೆ ಹೇಗಿರುತ್ತದೆ ಎಂದು ಆಗ ಅಂದಾಜು ಸಿಕ್ಕಿತು. ಆ ಮಗು ಮಾರನೇ ದಿನ ಶಾಲೆಗೂ ಹೋಗಬೇಕಲ್ಲ, ಅಲ್ಲಿ ಉಳಿದ ಮಕ್ಕಳು ಬೆರಳೆತ್ತಿ ತೋರಿಸುತ್ತವೆ.

2017ರಲ್ಲಿ ಈ ಮಾತು ಜೋರಾಯಿತು. ಫಿಲ್ ಚಾನ್ ಎಂಬ ನೃತ್ಯ ಕಲಾವಿದರು ಮತ್ತು ನ್ಯೂಯಾರ್ಕ್ ಸಿಟಿ ಬ್ಯಾಲೆಯ ಆಗಿನ ನರ್ತಕಿ ಜಾರ್ಜಿನಾ ಪಜ್ಕೋಗಿನ್ ಸೇರಿ ಒಂದು ಅಭಿಯಾನ ಶುರುಮಾಡಿದರು. ಏಷ್ಯಾದವರನ್ನು ವೇಷ ಕಟ್ಟಿ ಅಣಕಿಸುವುದನ್ನು ಬ್ಯಾಲೆಯಲ್ಲಿ ನಿಲ್ಲಿಸೋಣ ಎಂದು ಕಂಪನಿಗಳಿಂದ ಒಪ್ಪಿಗೆ ಪಡೆಯುತ್ತಾ ಹೋದರು. ಅದೇ ವರ್ಷ ನ್ಯೂಯಾರ್ಕ್ ಸಿಟಿ ಬ್ಯಾಲೆ ತನ್ನ ಟೀಯಲ್ಲಿ ಮೇಕಪ್, ವೇಷ, ಕೆಲವು ಭಂಗಿಗಳನ್ನು ಬದಲಾಯಿಸಿತು. ಬ್ಯಾಲೆ ಲೋಕದಲ್ಲಿ ಇದು ಸಣ್ಣ ಸುದ್ದಿಯಲ್ಲ. ಬ್ಯಾಲಂಚೀನ್ 1983ರಲ್ಲಿ ತೀರಿಕೊಂಡ ಮೇಲೆ ಅವರ ಕೃತಿಗಳನ್ನು ಕಾಯಲು ಒಂದು ಟ್ರಸ್ಟ್ ಇದೆ. ಬೇರೆ ಊರಿನವರು ಅವರ ನೃತ್ಯ ಮಾಡಬೇಕಾದರೆ ಆ ಟ್ರಸ್ಟಿನ ಅಪ್ಪಣೆ ಬೇಕು, ಹೆಜ್ಜೆ ತಪ್ಪದಂತೆ ಕಲಿಸಲು ಅಲ್ಲಿಂದ ಜನ ಬರುತ್ತಾರೆ. ಅಂಥದ್ದರಲ್ಲಿ ಹೆಜ್ಜೆಯನ್ನೇ ತಿದ್ದುವುದು!

ಇಲ್ಲಿ ಒಂದು ತಾಂತ್ರಿಕ ಪ್ರಶ್ನೆ ಬರುತ್ತದೆ. ತೊಂದರೆ ಇದ್ದರೆ ಆ ಕುಣಿತವನ್ನೇ ತೆಗೆದುಹಾಕಬಹುದಲ್ಲ? ಆಗುವುದಿಲ್ಲ. ನಟ್‌ಕ್ರ್ಯಾಕರ್‌ನಲ್ಲಿ ನಿಜವಾಗಿ ಗಟ್ಟಿಯಾಗಿ ಉಳಿದಿರುವುದು ಒಂದೇ, ಚೈಕೋವ್‌ಸ್ಕಿಯ ಸಂಗೀತ. ಅದು ಅಳತೆ ಕೊಟ್ಟು ಹೊಲಿಸಿದ ಬಟ್ಟೆಯ ಹಾಗೆ. ಯಾವ ದೃಶ್ಯಕ್ಕೆ ಎಷ್ಟು ಆವರ್ತ ಸಂಗೀತ ಬೇಕು, ಯಾವ ಗತಿಯಲ್ಲಿ ಬೇಕು ಎಂದು ಪೆಟಿಪಾ ಪಟ್ಟಿ ಬರೆದುಕೊಟ್ಟಿದ್ದರು. ಮರ ಬೆಳೆಯುವುದಕ್ಕೆ 48 ಆವರ್ತ, ಏರುತ್ತಾ ಹೋಗಬೇಕು ಎನ್ನುವ ಹಾಗೆ. ಟೀಯ ತುಣುಕು ಕಚೇರಿಗಳಲ್ಲಿ, ಜಾಹೀರಾತುಗಳಲ್ಲಿ, ಫೋನುಗಳಲ್ಲಿ ಕೇಳಿ ಕೇಳಿ ಜನಕ್ಕೆ ಬಾಯಿಪಾಠ. ಕಾಫಿ ಮುಗಿದ ಕೂಡಲೇ ಅದು ಬರದಿದ್ದರೆ ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದಂತಾಗುತ್ತದೆ.

ಕರಾವಳಿ, ಮಲೆನಾಡಿನವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಯಕ್ಷಗಾನದಲ್ಲಿ ಪ್ರಸಂಗದ ಪದ್ಯವನ್ನು ಭಾಗವತರು ಇದ್ದ ಹಾಗೇ ಹಾಡುತ್ತಾರೆ. ಆದರೆ ಅರ್ಥ ಹೇಳುವುದು ವೇಷಧಾರಿಗೆ ಬಿಟ್ಟದ್ದು. ಅದೇ ಪದ್ಯಕ್ಕೆ ಒಬ್ಬ ಕೌರವ ಮರುಕ ಹುಟ್ಟಿಸುತ್ತಾನೆ, ಇನ್ನೊಬ್ಬ ಕೌರವ ಸಿಟ್ಟು ಬರಿಸುತ್ತಾನೆ. ನಟ್‌ಕ್ರ್ಯಾಕರ್‌ನ ಸಂಗೀತ ಪದ್ಯ ಇದ್ದ ಹಾಗೆ. ಕುಣಿತ, ವೇಷ, ಕಥೆ ಎಲ್ಲ ಅರ್ಥ. ಟೀಯ ಪದ್ಯ ‘ಯಾವುದೋ ಚಿಕ್ಕದು, ಚುರುಕಿನದು, ಛಂಗನೆ ನೆಗೆಯುತ್ತದೆ’ ಅನ್ನುತ್ತದೆ, ಅಷ್ಟೇ. ನೆಗೆಯುವುದು ಚೀನೀ ಮನುಷ್ಯನೇ ಆಗಬೇಕೆಂದು ಬಸೂನ್ ಹೇಳುವುದಿಲ್ಲ.

ಸಿಯಾಟಲ್‌ನ ಪೆಸಿಫಿಕ್ ನಾರ್ತ್‌ವೆಸ್ಟ್ ಬ್ಯಾಲೆ ಹಿಡಿದದ್ದು ಇದೇ ದಾರಿ. ಅವರೂ ಆಡುವುದು ಬ್ಯಾಲಂಚೀನ್ ರೂಪವನ್ನೇ. 2021ರಲ್ಲಿ ಪೆಟ್ಟಿಗೆಯಿಂದ ಹಾರುವ ಮನುಷ್ಯನ ಬದಲು ಹಸಿರು ಮಿಡತೆಯನ್ನು ತಂದರು. ಚೀನಾದಲ್ಲಿ ಈ ಜಾತಿಯ ಚಿಲಿಪಿಲಿ ಹುಳುವನ್ನು ಅದೃಷ್ಟ ಎಂದು ಭಾವಿಸಿ ಪಂಜರದಲ್ಲಿ ಸಾಕುವ ಹಳೆಯ ರೂಢಿಯಿದೆ. ಹುಳುವಾದ್ದರಿಂದ ನೆಗೆತಕ್ಕೆ ಕಾರಣವೂ ಸಿಕ್ಕಿತು. ಮಕ್ಕಳಿಗೂ ಖುಷಿ. ನನಗೆ ಇದು ತುಂಬ ಜಾಣತನದ ತಿದ್ದುಪಡಿ ಅನ್ನಿಸುತ್ತದೆ. ಬರೀ ತೆಗೆದದ್ದಲ್ಲ, ತೆಗೆದ ಜಾಗಕ್ಕೆ ಸಂಗೀತ ಒಪ್ಪುವಂಥದ್ದನ್ನು ಇಟ್ಟದ್ದು.

ಕಾಫಿಯದು ಬೇರೆ ತಲೆನೋವು. ಪೆಟಿಪಾ ತಮ್ಮ ಪಟ್ಟಿಯಲ್ಲಿ ಅರೇಬಿಯಾ, ಯೆಮನ್, ಮೋಖಾ ಕಾಫಿ ಎಂದು ಬರೆದಿದ್ದರು. ಮೋಖಾ ಎಂದರೆ ನಮಗೂ ನೆಂಟಸ್ತಿಕೆಯ ಹೆಸರೇ. ಬಾಬಾ ಬುಡನ್ ಏಳು ಬೀಜ ಬಚ್ಚಿಟ್ಟುಕೊಂಡು ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದದ್ದು ಅಲ್ಲಿಂದಲೇ ಎಂದು ಐತಿಹ್ಯ ಹೇಳುತ್ತದೆ. ಆದರೆ ಬ್ಯಾಲೆಯ ಕಾಫಿ ಹಾಡಿನಲ್ಲಿ ಅರೇಬಿಯಾ ಚೂರೂ ಇಲ್ಲ. ಅದು ಜಾರ್ಜಿಯಾ ದೇಶದ ಒಂದು ಜೋಗುಳ! ಸದ್ದಡಗಿಸಿದ ಪಿಟೀಲುಗಳು, ಕೆಳಗೆ ಶ್ರುತಿಯ ಹಾಗೆ ಒಂದೇ ಸಮ ಹಿಡಿದ ಸ್ವರ, ಮೆಲ್ಲಗೆ ಕಂಜರ. ಮಗು ಮಲಗಿಸುವ ಹಾಡನ್ನು ತಗೊಂಡು, ಹೊಟ್ಟೆ ಕಾಣುವ ಬಟ್ಟೆ ತೊಡಿಸಿ ಮಾದಕ ನೃತ್ಯ ಮಾಡಿದ್ದಾರೆ.

ಅದೂ ಮೊದಲಿಂದ ಹಾಗೇ ಇರಲಿಲ್ಲ ಅನ್ನುವುದು ಸ್ವಾರಸ್ಯದ ವಿಷಯ. 1954ರಲ್ಲಿ ಬ್ಯಾಲಂಚೀನ್ ಈ ಸಂಗೀತಕ್ಕೆ ಹುಕ್ಕಾ ಸೇದುವ ಒಬ್ಬ ಗಂಡಸನ್ನೂ ಗಿಳಿ ವೇಷದ ಪುಟ್ಟ ಮಕ್ಕಳನ್ನೂ ಇಟ್ಟಿದ್ದರು. 1964ರಲ್ಲಿ ಅವರೇ ಅದನ್ನು ಕಿತ್ತು ಹಾಕಿ ಒಬ್ಬಳೇ ಹೆಣ್ಣಿನ ನೃತ್ಯ ಮಾಡಿದರು. ಮಕ್ಕಳನ್ನು ಕರೆತಂದ ಅಪ್ಪಂದಿರಿಗೂ ಏನಾದರೂ ಇರಲಿ ಎನ್ನುವುದು ಕಾರಣವಾಗಿತ್ತಂತೆ. ಇವತ್ತು ‘ಸಂಪ್ರದಾಯ ಕೆಡಿಸಬೇಡಿ’ ಎನ್ನುವವರು ಉಳಿಸಿಕೊಳ್ಳಲು ಹೊರಟಿರುವ ಕಾಫಿ ಆ ಹತ್ತು ವರ್ಷದಲ್ಲೇ ಒಮ್ಮೆ ಬದಲಾದದ್ದು. ಗಿಳಿಗಳಿಗಾಗಿ ಯಾರೂ ಅತ್ತ ಹಾಗಿಲ್ಲ.

ಹೀಗೆ ಒಂದೆರಡು ಕುಣಿತಗಳಿಗೆ ತೇಪೆ ಹಾಕುವುದು ಒಂದು ದಾರಿ. ಗ್ಲ್ಯಾಸ್ಗೋದ ಸ್ಕಾಟಿಷ್ ಬ್ಯಾಲೆ ಕೂಡ 2021ರಲ್ಲಿ ತನ್ನ ಹಳೆಯ ರೂಪದ ಚೀನೀ, ಅರೇಬಿಯನ್ ಕುಣಿತಗಳನ್ನು ತಿದ್ದಿತು. ಡ್ರೋಸೆಲ್‌ಮೇಯರ್ ಪಾತ್ರವನ್ನು ಹೆಂಗಸರೂ ಮಾಡುವ ಹಾಗೆ ಮಾಡಿತು. ಬರ್ಲಿನ್‌ನ ಸರ್ಕಾರಿ ಬ್ಯಾಲೆಯವರು ಅದೇ ವರ್ಷ ತಮ್ಮ ನಟ್‌ಕ್ರ್ಯಾಕರ್ ಅನ್ನು ಪಟ್ಟಿಯಿಂದಲೇ ಕೈಬಿಟ್ಟರು. ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯಾಯಿತು. ನನಗೆ ಬರ್ಲಿನ್‌ನವರ ಕ್ರಮ ಸೋಮಾರಿತನ ಅನ್ನಿಸುತ್ತದೆ. ಮಿಡತೆ ಹುಡುಕುವುದಕ್ಕಿಂತ ಬಾಗಿಲು ಹಾಕುವುದು ಸುಲಭ.

ಇನ್ನೊಂದು ದಾರಿ, ಎರಡನೇ ಅಂಕಕ್ಕೇ ಹೊಸ ಕಾರಣ ಕೊಡುವುದು. 2016ರಲ್ಲಿ ಷಿಕಾಗೋದ ಜಾಫ್ರಿ ಬ್ಯಾಲೆಗೆ ಕ್ರಿಸ್ಟೋಫರ್ ವೀಲ್ಡನ್ ಮಾಡಿದ್ದು ಇದನ್ನೇ. ಅವರ ಕಥೆಯಲ್ಲಿ ಮಿಠಾಯಿ ಲೋಕ ಇಲ್ಲ, ಶ್ರೀಮಂತರ ಮನೆಯೂ ಇಲ್ಲ. ಷಿಕಾಗೋದಲ್ಲಿ 1893ರ ವಿಶ್ವ ಮೇಳಕ್ಕೆ ಕಟ್ಟಡ ಏಳುತ್ತಿರುವ ಕಾಲ. ಪೋಲೆಂಡಿನಿಂದ ವಲಸೆ ಬಂದ ಶಿಲ್ಪಿಯೊಬ್ಬಳ ಮಗಳು ಮಾರಿ, ಕೆಲಸಗಾರರ ಗುಡಿಸಲಲ್ಲಿ ಕ್ರಿಸ್‌ಮಸ್. ಕನಸಿನಲ್ಲಿ ಅವಳು ಹೋಗುವುದು ಆ ಮೇಳಕ್ಕೆ. ಮೇಳದಲ್ಲಿ ದೇಶಕ್ಕೊಂದು ಮಳಿಗೆ ಇತ್ತಲ್ಲ, ಹಾಗಾಗಿ ದೇಶ ದೇಶದ ಕುಣಿತ ಬರುವುದಕ್ಕೆ ಕಥೆಯಲ್ಲೇ ಜಾಗ ಸಿಕ್ಕಿತು. ಅಂದಹಾಗೆ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಇದೇ ಮೇಳದ ಅಂಗವಾಗಿ. ವೇದಿಕೆ ಮೇಲೆ ಅವರಿಲ್ಲ, ಪಾಪ. ಬಂದಿದ್ದರೆ ಯಾವ ಹೆಜ್ಜೆ ಹಾಕಿಸುತ್ತಿದ್ದರೋ ಎಂದು ನೆನೆದರೆ ಇಲ್ಲದ್ದೇ ಒಳ್ಳೆಯದು.

ಇಂಗ್ಲಿಷ್ ನ್ಯಾಷನಲ್ ಬ್ಯಾಲೆ 2024ರಲ್ಲಿ ಇನ್ನೂ ಸರಳವಾದ ಉಪಾಯ ಮಾಡಿತು. ಮಿಠಾಯಿ ಲೋಕ ಎಂದಮೇಲೆ ನಿಜವಾದ ಮಿಠಾಯಿಗಳೇ ಕುಣಿಯಲಿ! ಸ್ಪೇನಿನದು ಬಾದಾಮಿ, ಜೇನಿನ ಮಿಠಾಯಿ ಟುರೋನ್. ಅರಬ್ ನಾಡಿಗೆ ಸಹ್ಲಬ್ ಎಂಬ ಬಿಸಿ ಹಾಲಿನ ಪಾನೀಯ. ಚೀನಾಕ್ಕೆ ಕಡ್ಡಿಗೆ ಪೋಣಿಸಿ ಸಕ್ಕರೆ ಪಾಕದಲ್ಲಿ ಅದ್ದಿದ ಹಣ್ಣು, ಟಾಂಗ್‌ಹುಲು. ಟ್ರೆಪಾಕ್ ಜಾಗದಲ್ಲಿ ಉಕ್ರೇನಿನ ಗಸಗಸೆ ರೊಟ್ಟಿ. ಮನುಷ್ಯರನ್ನು ತಿಂಡಿ ಮಾಡುವ ಬದಲು ತಿಂಡಿಯನ್ನೇ ತಿಂಡಿಯಾಗಿ ತೋರಿಸುವುದು. ಇಷ್ಟು ನೇರವಾದದ್ದು ಹೊಳೆಯುವುದಕ್ಕೆ 130 ವರ್ಷ ಹಿಡಿಯಿತಲ್ಲ ಎಂದು ಆಶ್ಚರ್ಯ.

ಮೂರನೆಯ ದಾರಿ ಹಿಡಿದವರಿಗೆ ಹಳೆಯದರ ಭಯವೇ ಇಲ್ಲ. 1991ರಲ್ಲಿ ಮಾರ್ಕ್ ಮಾರಿಸ್ ಬ್ರಸೆಲ್ಸ್‌ನಲ್ಲಿ ‘ದ ಹಾರ್ಡ್ ನಟ್’ ಮಾಡಿದರು. ಪಾರ್ಟಿಗೆ ಬರುವವರು ಬೆಲ್‌ಬಾಟಮ್ ಕಾಲದ ಅಮೆರಿಕನ್ನರು. ಹಿಮದ ಹರಳುಗಳಾಗಿ ಗಂಡಸರೂ ಹೆಂಗಸರೂ ಒಂದೇ ಥರದ ಲಂಗ ಹಾಕಿಕೊಂಡು, ಮುಷ್ಟಿಯಲ್ಲಿ ಹಿಮ ಹಿಡಿದು ತಾಳಕ್ಕೆ ಸರಿಯಾಗಿ ಎರಚುತ್ತಾ ಕುಣಿಯುತ್ತಾರೆ. ಸಂಗೀತ ಮಾತ್ರ ಚೈಕೋವ್‌ಸ್ಕಿಯದೇ. ಅಷ್ಟು ತಮಾಷೆ ಮಾಡಿಯೂ ಆ ದೃಶ್ಯ ಎದೆಗೆ ತಟ್ಟುತ್ತದೆ. 1992ರಲ್ಲಿ ಮ್ಯಾಥ್ಯೂ ಬೋರ್ನ್ ಕಥೆಯನ್ನು ಒಂದು ಬಡ ಅನಾಥಾಲಯಕ್ಕೆ ಒಯ್ದರು. ಡೊನಾಲ್ಡ್ ಬರ್ಡ್ 1996ರಲ್ಲಿ ಕ್ಲಾರಾಳನ್ನು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ, ಗಂಡ ತೀರಿಹೋದ ಅಜ್ಜಿಯನ್ನಾಗಿ ಮಾಡಿದರು. ಆ ಅಜ್ಜಿಗೆ ಬಳಸಿದ್ದು ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ 1960ರಲ್ಲಿ ಜಾಜ್‌ಗೆ ಹೊಂದಿಸಿದ ಸಂಗೀತ. ಪದ್ಯವೂ ಗಟ್ಟಿ ಅಂದೆನಲ್ಲ, ಎಲಿಂಗ್ಟನ್‌ರಂಥವರು ಕೈ ಹಾಕಿದರೆ ಅದೂ ಬಗ್ಗುತ್ತದೆ.

ಇವೆಲ್ಲ ದೊಡ್ಡವರ ಮಾತು. ಅಕ್ಕನ ಊರಿನ ಡಾನ್ಸ್ ಶಾಲೆಗೆ ವೀಲ್ಡನ್ ಇಲ್ಲ, ಹೊಸ ವೇಷಕ್ಕೆ ದುಡ್ಡೂ ಇಲ್ಲ. ಅವರ ಟೀಯ ಹಳೆಯ ಟೋಪಿಗಳು ಡಬ್ಬಕ್ಕೆ ಹೋಗಿ ಕೆಲವು ವರ್ಷವಾಯಿತಂತೆ. ಬೆರಳು ಮಾತ್ರ ಉಳಿದುಕೊಂಡಿತ್ತು, ಈ ಸಲ ಅದೂ ಬೇಡ ಎಂದಾಗಿದೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಹುಡುಗಿ ಸೋಫಾದ ಹಿಂದಿನಿಂದ ಛಂಗನೆ ಹಾರಿ ತನ್ನ ನೆಗೆತ ತೋರಿಸಿದಳು. ಕಾಲು ಪಕ್ಕಾ ಆಗಿದೆ. ಕೈ ಎರಡೂ ಹೆಗಲಿಗೆ ಅಂಟಿಸಿದ ಹಾಗೆ ಸುಮ್ಮನೆ ನೇತಾಡುತ್ತಿದ್ದವು. ‘ಕೈ ಏನು ಮಾಡ್ಬೇಕು ಪುಟ್ಟಿ?’ ಅಂದೆ. ‘ಟೀಚರ್ ಇನ್ನೂ ಹೇಳಿಲ್ಲ ಚಿಕ್ಕಮ್ಮಾ’ ಅಂದಳು. ಹಿಂದೆ ಕೂತಿದ್ದ ಅಕ್ಕ ಹಸಿರು ಬಟ್ಟೆ ಕತ್ತರಿಸುತ್ತಿದ್ದಳು.